ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಮದ್ದು ಬರೆಯುವ ಮುನ್ನ

ಮೂತ್ರದ ಸೋಂಕು ಒಂದು ಕೋರ್ಸಿಗೆ ವಾಸಿಯಾಗದಿದ್ದರೆ ವೈದ್ಯರು ಮೊದಲು ಹೇಳುವುದೇ ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಎಂದು. ಮೂರು ದಿನ ಬಿಟ್ಟು ಬರುವ ವರದಿಯಲ್ಲಿ ಒಂದೊಂದು ಔಷಧದ ಮುಂದೆ ‘ಎಸ್’ ಅಥವಾ ‘ಆರ್’ ಎಂದು ಅಚ್ಚಾಗಿರುತ್ತದೆ. ಎಸ್ ಇದ್ದದ್ದನ್ನು ಕೊಡುತ್ತಾರೆ, ಆರ್ ಇದ್ದದ್ದನ್ನು ಬಿಡುತ್ತಾರೆ. ಈ ಕ್ರಮ ಊರಿನ ಸಣ್ಣ ನರ್ಸಿಂಗ್ ಹೋಮಿಗೂ ಹಳೆಯದು. ಜಠರದಲ್ಲಿ ಮನೆ ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ವಿಷಯಕ್ಕೆ ಬಂದಾಗ ಮಾತ್ರ ಇದು ಮರೆತುಹೋಗುತ್ತದೆ. ಎಂಡೋಸ್ಕೋಪಿ ವರದಿಯ ಕೊನೆಯಲ್ಲಿ ‘ಆರ್‌ಯುಟಿ ಪಾಸಿಟಿವ್’, ಅಂದರೆ ತ್ವರಿತ ಯೂರಿಯೇಸ್ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ, ಎಂದು ಬಂದರೆ ಚೀಟಿಯಲ್ಲಿ ಒಂದು ಕಿಟ್ ಬೀಳುತ್ತದೆ: ಆಮ್ಲ ತಗ್ಗಿಸುವ ಒಂದು ಮಾತ್ರೆ, ಜೊತೆಗೆ ಎರಡು ಆ್ಯಂಟಿಬಯಾಟಿಕ್. ಈ ರೋಗಿಯ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಆ ಎರಡಕ್ಕೂ ಬಗ್ಗುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ. ಹೋಗದಿದ್ದರೆ ಎರಡನೇ ಕಿಟ್. ಅದೂ ನಾಟದಿದ್ದರೆ ‘ಗ್ಯಾಸ್ಟ್ರಿಕ್ ನಿಮ್ಮ ಪ್ರಕೃತಿ’ ಎಂಬ ಸಮಾಧಾನ.

ಎಂಡೋಸ್ಕೋಪಿ ಆಗುವಾಗ ಜಠರದ ಒಳಪದರದಿಂದ ಹೇಗೂ ಚೂರು ತೆಗೆದಿರುತ್ತಾರೆ. ಅದರ ಜೊತೆ ಇನ್ನೆರಡು ಚೂರು ತೆಗೆದು ಸರಿಯಾದ ಬಾಟಲಿಗೆ ಹಾಕಿದರೆ ಮದ್ದಿನ ಆಯ್ಕೆಯೇ ಬದಲಾಗಬಹುದು. ಅದನ್ನು ಹೇಗೆ ಮಾಡುತ್ತಾರೆ, ಎಲ್ಲಿ ಕೆಡುತ್ತದೆ, ಬಂದ ವರದಿಯಲ್ಲಿ ಯಾವ ಸಾಲನ್ನು ನಂಬಬೇಕು, ಯಾವುದನ್ನು ಅನುಮಾನಿಸಬೇಕು ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯವೆನಿಸುತ್ತದೆ. ಕೆಳಗೆ ಬರುವ ಪ್ರಮಾಣಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ಅವು ಚೀಟಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಹೊರತು ಮೆಡಿಕಲ್ ಶಾಪಿಗೆ ಹೋಗಿ ತಾವೇ ಕೊಳ್ಳುವುದಕ್ಕಲ್ಲ.

ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಯಾಕಿಷ್ಟು ಕಷ್ಟ? ಜಠರದ ಗೋಡೆಯ ಮೇಲಿನ ಲೋಳೆಯ ಪದರದಲ್ಲಿ ಅದು ಹುದುಗಿರುತ್ತದೆ. ರಕ್ತದ ಕಡೆಯಿಂದ ಬರುವ ಮದ್ದೂ, ನುಂಗಿದ ಮದ್ದೂ ಅಲ್ಲಿಗೆ ಅರೆಬರೆಯಾಗಿಯೇ ತಲುಪುತ್ತವೆ. ಆಮ್ಲ ಹೆಚ್ಚಿದ್ದಾಗ ಕ್ಲಾರಿತ್ರೊಮೈಸಿನ್‌ನಂಥ ಔಷಧ ಕರಗಿ ಹಾಳಾಗುತ್ತದೆ. ಬ್ಯಾಕ್ಟೀರಿಯಾ ಕೂಡ ಆಮ್ಲೀಯ ವಾತಾವರಣದಲ್ಲಿ ವಿಭಜನೆ ನಿಲ್ಲಿಸಿ ಸುಮ್ಮನಿರುತ್ತದೆ, ವಿಭಜನೆಯಾಗದ ಬ್ಯಾಕ್ಟೀರಿಯಾದ ಮೇಲೆ ಅಮಾಕ್ಸಿಸಿಲಿನ್ ಕೆಲಸ ಮಾಡುವುದಿಲ್ಲ. ಅದಕ್ಕೇ ಆಮ್ಲ ತಗ್ಗಿಸುವ ಮಾತ್ರೆ ಇಲ್ಲಿ ಉರಿ ಕಡಿಮೆ ಮಾಡಲು ಕೊಟ್ಟದ್ದಲ್ಲ, ಅದು ಚಿಕಿತ್ಸೆಯ ಅರ್ಧ ಭಾಗ. ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು ಎನ್ನುವುದೂ ಇದೇ ಕಾರಣಕ್ಕೆ.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಇದನ್ನು ಮೊದಲ ಬಾರಿ ಬೆಳೆಸಿದಾಗಲೂ ಅದರ ನಿಧಾನವೇ ಸುದ್ದಿಯಾಯಿತು. ಲ್ಯಾಬಿನವರು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳನ್ನು ಎರಡು ದಿನ ನೋಡಿ ಎಸೆಯುತ್ತಿದ್ದರು. ಈಸ್ಟರ್ ರಜೆಯ ಗಡಿಬಿಡಿಯಲ್ಲಿ ಪ್ಲೇಟುಗಳು ಇನ್ಕ್ಯುಬೇಟರಿನಲ್ಲೇ ಉಳಿದವು, ಐದಾರು ದಿನದ ನಂತರ ತೆರೆದಾಗ ಕಾಲನಿಗಳು ಕಂಡವು. ಹುಣ್ಣಿಗೂ ಬ್ಯಾಕ್ಟೀರಿಯಾಕ್ಕೂ ಇರುವ ನಂಟಿಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ದರ್ಜೆಯ ಕಾರಣಗಳ ಪಟ್ಟಿಗೆ ಸೇರಿಸಿತ್ತು. 2017ರಲ್ಲಿ ಹೊಸ ಆ್ಯಂಟಿಬಯಾಟಿಕ್ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದಾಗ ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಪೈಲೋರಿಗೆ ಅದರಲ್ಲಿ ಜಾಗವಿತ್ತು.

ಪ್ರತಿರೋಧದ, ಅಂದರೆ ಮದ್ದಿಗೆ ಬಗ್ಗದಿರುವ ಗುಣದ, ಮಾತು ಬಂದಾಗ ಎಲ್ಲ ಔಷಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೂರು ಔಷಧಗಳ ವಿಷಯದಲ್ಲಿ ಪರೀಕ್ಷೆ ನಿಜಕ್ಕೂ ಬೇಕು: ಕ್ಲಾರಿತ್ರೊಮೈಸಿನ್, ಲಿವೊಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್. ಮೂರರ ನಡತೆಯೂ ಬೇರೆ.

ಕ್ಲಾರಿತ್ರೊಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತದೆ. ಅಂಟಿಕೊಳ್ಳುವ ಜಾಗದಲ್ಲಿ, ರೈಬೋಸೋಮಿನ ಭಾಗವಾದ 23ಎಸ್ ಆರ್‌ಆರ್‌ಎನ್‌ಎಯ 2142 ಅಥವಾ 2143ನೇ ಸ್ಥಾನದಲ್ಲಿ, ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಹಿಡಿತ ತಪ್ಪುತ್ತದೆ. ಹೀಗೆ ತಪ್ಪಿದ್ದನ್ನು ಡೋಸ್ ಹೆಚ್ಚಿಸಿ ಸರಿಪಡಿಸಲು ಬರುವುದಿಲ್ಲ. 500 ಮಿ.ಗ್ರಾಂ ಬದಲು 1000 ಕೊಟ್ಟರೂ ಅಷ್ಟೇ, 7 ದಿನದ ಬದಲು 14 ದಿನ ಕೊಟ್ಟರೂ ಅಷ್ಟೇ. ಇನ್ನೊಂದು ಮಾತನ್ನು ನಮ್ಮಲ್ಲಿ ಒತ್ತಿ ಹೇಳಬೇಕು. ಅಜಿತ್ರೊಮೈಸಿನ್ ಇದೇ ಕುಟುಂಬದ ಔಷಧ, ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗುವುದಿಲ್ಲ. ಕೆಮ್ಮು, ಗಂಟಲು ನೋವು ಎಂದರೆ ಮೂರು ಮಾತ್ರೆಯ ಅಜಿತ್ರೊಮೈಸಿನ್ ಪಟ್ಟಿ ಕೈಗೆ ಬರುವ ನಾಡಿನಲ್ಲಿ, ಕೋವಿಡ್ ವರ್ಷಗಳಲ್ಲಿ ಅದನ್ನು ಮನೆಮನೆಗೆ ಹಂಚಿದ ಮೇಲೆ, ಹೊಟ್ಟೆಯೊಳಗೆ ಸದ್ದಿಲ್ಲದೆ ಕುಳಿತ ಪೈಲೋರಿ ಕೂಡ ಆ ಮದ್ದನ್ನು ಕಂಡಿರುತ್ತದೆ.

ಲಿವೊಫ್ಲಾಕ್ಸಾಸಿನ್ ಕಥೆಯೂ ಹೀಗೆಯೇ. ಗೈರ್‌-ಎ ಎಂಬ ಜೀನಿನ 87 ಮತ್ತು 91ನೇ ಸ್ಥಾನಗಳ ಬದಲಾವಣೆ ಮುಖ್ಯ ಕಾರಣ. ಭೇದಿಗೆ ನಾರ್‌ಫ್ಲಾಕ್ಸಾಸಿನ್, ಜ್ವರಕ್ಕೆ ಆಫ್ಲಾಕ್ಸಾಸಿನ್, ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಎಂದು ವರ್ಷಗಟ್ಟಲೆ ನುಂಗಿದ್ದರ ಲೆಕ್ಕ ಇಲ್ಲಿ ತೀರುತ್ತದೆ.

ಮೆಟ್ರೊನಿಡಜೋಲ್ ಬೇರೆ ಜಾತಿ. ಅದು ಬ್ಯಾಕ್ಟೀರಿಯಾದ ಒಳಗೆ ಹೋಗಿ, ಅಲ್ಲಿನ ಕಿಣ್ವಗಳಿಂದಲೇ ಚುರುಕುಗೊಂಡು ಡಿಎನ್‌ಎಯನ್ನು ಒಡೆಯಬೇಕು. ಆ ಕಿಣ್ವದ ಜೀನು, ಮುಖ್ಯವಾಗಿ ಆರ್‌ಡಿಎಕ್ಸ್‌-ಎ, ಎಲ್ಲಿ ಕೆಟ್ಟರೂ ಪ್ರತಿರೋಧ ಬರುತ್ತದೆ. ಕೆಡುವ ಜಾಗ ಒಂದೆರಡಲ್ಲವಾದ್ದರಿಂದ ಒಂದು ನಿರ್ದಿಷ್ಟ ಬದಲಾವಣೆಯನ್ನು ಹುಡುಕುವ ಸರಳ ಪಿಸಿಆರ್ (ಜೀನಿನ ಪರೀಕ್ಷೆ) ಇದಕ್ಕೆ ಒಗ್ಗುವುದಿಲ್ಲ. ಭಾರತದ ನಾನಾ ಊರುಗಳಿಂದ ಬಂದ ವರದಿಗಳಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳು ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು. ಭೇದಿ, ಹಲ್ಲುನೋವು, ಬಿಳಿಸೆರಗು ಎಲ್ಲಕ್ಕೂ ಅದೇ ಮಾತ್ರೆ ಬಳಸಿದ ದೇಶದಲ್ಲಿ ಇದು ಅಚ್ಚರಿಯಲ್ಲ. ಆದರೆ ಈ ಪ್ರತಿರೋಧ ಪೂರ್ತಿ ಗೋಡೆಯಲ್ಲ. ದಿನಕ್ಕೆ 1500–1600 ಮಿ.ಗ್ರಾಂ ಪ್ರಮಾಣದಲ್ಲಿ, ಬಿಸ್ಮತ್ ಎಂಬ ಲೋಹದ ಲವಣದ ಜೊತೆಗೆ, 14 ದಿನ ಕೊಟ್ಟರೆ ‘ಆರ್’ ಎಂದು ಬಂದ ತಳಿಯೂ ಬಹುಪಾಲು ಸಾಯುತ್ತದೆ.

ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್, ಬಿಸ್ಮತ್ ಈ ಮೂರಕ್ಕೆ ಜಗತ್ತಿನ ಹೆಚ್ಚಿನ ಕಡೆ ಪ್ರತಿರೋಧ ಈಗಲೂ ವಿರಳ. ಬಿಸ್ಮತ್‌ಗಂತೂ ಪ್ರತಿರೋಧದ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲ. ಪರೀಕ್ಷೆ ಇಲ್ಲದ ಊರಿನಲ್ಲಿ ಯಾವುದನ್ನು ಆಧಾರವಾಗಿಟ್ಟುಕೊಳ್ಳಬೇಕು ಎನ್ನುವುದಕ್ಕೆ ಉತ್ತರ ಇದರಲ್ಲೇ ಇದೆ.

ಈಗ ಪರೀಕ್ಷೆಯ ಕೆಲಸಕ್ಕೆ ಬರೋಣ. ಅದು ಎಂಡೋಸ್ಕೋಪಿಯ ದಿನ ಶುರುವಾಗುವುದಲ್ಲ, ಒಂದು ತಿಂಗಳ ಹಿಂದೆಯೇ ಶುರುವಾಗಬೇಕು. ಯಾವುದೇ ಆ್ಯಂಟಿಬಯಾಟಿಕ್ ಮತ್ತು ಬಿಸ್ಮತ್ ನಿಲ್ಲಿಸಿ 4 ವಾರ ಆಗಿರಬೇಕು, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿ 2 ವಾರ. ಈ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸಂಖ್ಯೆಯನ್ನು ಇಳಿಸಿ ಜಠರದ ಕೆಳಭಾಗದಿಂದ ಮೇಲ್ಭಾಗಕ್ಕೆ ಓಡಿಸುತ್ತವೆ. ಅಷ್ಟು ಸಾಕು, ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯನ್ನು ಔಷಧವೆಂದೇ ಎಣಿಸದವರು ಬಹಳ. ‘ಏನಾದರೂ ಮಾತ್ರೆ ತಗೋತೀರಾ’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ‘ಬೆಳಿಗ್ಗೆ ಎದ್ದು ಖಾಲಿ ಹೊಟ್ಟೇಲಿ ಏನಾದರೂ?’ ಎಂದು ಬಿಡಿಸಿ ಕೇಳಬೇಕು. ಆ ಎರಡು ವಾರ ಉರಿ ತಾಳದಿದ್ದರೆ ಅಂಟಾಸಿಡ್ ಸಿರಪ್‌ನಲ್ಲಿ ದಿನ ದೂಡಬಹುದು. ಹುಣ್ಣಿನಿಂದ ರಕ್ತ ಸೋರುತ್ತಿರುವವರಲ್ಲಿ ಈ ಕಾಯುವಿಕೆ ಸಲ್ಲದು. ರಕ್ತಸ್ರಾವದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ಹುಸಿಯಾಗಿ ನೆಗೆಟಿವ್ ಬರುವುದೂ ಹೆಚ್ಚು, ಅದನ್ನು ಆಮೇಲೆ ಮತ್ತೊಮ್ಮೆ ಮಾಡಬೇಕು.

ಚೂರುಗಳನ್ನು ಎರಡು ಕಡೆಯಿಂದ ತೆಗೆಯಬೇಕು: ಜಠರದ ಕೆಳಭಾಗವಾದ ಆ್ಯಂಟ್ರಮ್, ಮಧ್ಯಭಾಗವಾದ ಕಾರ್ಪಸ್. ಒಬ್ಬರ ಹೊಟ್ಟೆಯಲ್ಲಿ ಒಂದೇ ತಳಿ ಇರಬೇಕೆಂದಿಲ್ಲ. ಕೆಳಗೆ ಕ್ಲಾರಿತ್ರೊಮೈಸಿನ್‌ಗೆ ಬಗ್ಗುವ ತಳಿ, ಮೇಲೆ ಬಗ್ಗದ ತಳಿ ಒಟ್ಟಿಗೆ ಬದುಕಿರುವುದುಂಟು. ಒಂದೇ ಕಡೆಯ ಚೂರು ನೋಡಿ ಬರೆದ ‘ಎಸ್’ ಆಗ ಮೋಸ ಮಾಡುತ್ತದೆ.

ಕಲ್ಚರ್‌ಗೆ ಹೋಗುವ ಚೂರುಗಳನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಇದು ಚಿಕ್ಕ ಮಾತೆನಿಸಿದರೂ ಬಹಳ ಸಲ ಇಲ್ಲೇ ಕೆಲಸ ಕೆಡುತ್ತದೆ. ಬಯಾಪ್ಸಿ ಇಕ್ಕಳದ ಬಾಯಿ ಒಮ್ಮೆ ಫಾರ್ಮಲಿನ್ ಬಾಟಲಿಗೆ ತಾಗಿ, ಅದೇ ಇಕ್ಕಳ ಮತ್ತೆ ಜಠರಕ್ಕೆ ಹೋಗಿ ಕಲ್ಚರ್ ಚೂರು ತಂದರೆ, ಆ ಚೂರಿನಲ್ಲಿರುವ ಬ್ಯಾಕ್ಟೀರಿಯಾ ಬಾಟಲಿ ಮುಟ್ಟುವ ಮೊದಲೇ ಸತ್ತಿರುತ್ತದೆ. ಸೋಂಕು ತೊಳೆಯಲು ಬಳಸುವ ಗ್ಲುಟರಾಲ್ಡಿಹೈಡ್ ಇಕ್ಕಳದಲ್ಲಿ ಉಳಿದರೂ ಅಷ್ಟೇ. ಚೂರು ಸೂಜಿಯಿಂದ ಬಿಡಿಸುವಾಗ ಟಿಶ್ಯೂ ಕಾಗದದ ಮೇಲೆ ಐದು ನಿಮಿಷ ಒಣಗಿದರೂ ಸಾಕು. ಪೈಲೋರಿಗೆ ಗಾಳಿ ಶತ್ರು, ಒಣಗುವುದು ಅದಕ್ಕಿಂತ ದೊಡ್ಡ ಶತ್ರು.

ಲ್ಯಾಬು ಅದೇ ಕಟ್ಟಡದಲ್ಲಿದ್ದರೆ ಚೂರು ಮುಳುಗುವಷ್ಟು ಸ್ಟೆರೈಲ್ ಸೆಲೈನ್ ಸಾಕು, ಕೆಲವೇ ಗಂಟೆಯೊಳಗೆ ತಲುಪಬೇಕು. ದೂರದ ಲ್ಯಾಬಾದರೆ ಪೈಲೋರಿಗೆಂದೇ ಮಾಡಿದ ಅರೆಗಟ್ಟಿ ಸಾಗಣೆ ಮಾಧ್ಯಮ ಬೇಕು, 4 ಡಿಗ್ರಿಯಲ್ಲಿ, 24 ಗಂಟೆಯೊಳಗೆ. ಕಲಬುರಗಿಯಲ್ಲಿ ಮಧ್ಯಾಹ್ನ ತೆಗೆದ ಚೂರು ರಾತ್ರಿ ಬಸ್ಸಿನಲ್ಲಿ ಬೆಂಗಳೂರು ಸೇರಿ ಬೆಳಿಗ್ಗೆ ಪ್ಲೇಟಿಗೆ ಬಿದ್ದರೆ ಆಸೆ ಇಟ್ಟುಕೊಳ್ಳಬಹುದು, ಶನಿವಾರ ಕಳುಹಿಸಿ ಸೋಮವಾರ ತೆರೆದರೆ ಇಲ್ಲ. ಐಸ್ ಪ್ಯಾಕಿಗೆ ಬಾಟಲಿ ನೇರ ಅಂಟಿಕೊಂಡು ಹೆಪ್ಪುಗಟ್ಟಬಾರದು. ಮನೆಯ ಫ್ರೀಜರಿನಂಥ ಮೈನಸ್ 20 ಡಿಗ್ರಿಯಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದರೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಇಡಲೇಬೇಕೆಂದರೆ ಗ್ಲಿಸರಾಲ್ ಬೆರೆತ ದ್ರವದಲ್ಲಿ ಮೈನಸ್ 70ರ ಕೆಳಗೇ ಇಡಬೇಕು.

ಲ್ಯಾಬಿನಲ್ಲಿ ಚೂರನ್ನು ಒಂದೆರಡು ಹನಿ ದ್ರವದಲ್ಲಿ ಅರೆದು ಎರಡು ಬಗೆಯ ಪ್ಲೇಟುಗಳ ಮೇಲೆ ಸವರುತ್ತಾರೆ. ಎರಡರಲ್ಲೂ ಕೊಲಂಬಿಯಾ ಅಥವಾ ಬ್ರುಸೆಲ್ಲಾ ಅಗರ್‌ಗೆ ಶೇ 7ರಿಂದ 10ರಷ್ಟು ರಕ್ತ ಬೆರೆತಿರುತ್ತದೆ. ಒಂದಕ್ಕೆ ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುವ ವ್ಯಾಂಕೊಮೈಸಿನ್, ಟ್ರೈಮೆಥೋಪ್ರಿಮ್, ಆ್ಯಂಫೊಟೆರಿಸಿನ್ ಮೊದಲಾದವುಗಳ ಮಿಶ್ರಣ ಸೇರಿಸಿರುತ್ತಾರೆ. ಇನ್ನೊಂದಕ್ಕೆ ಸೇರಿಸಿರುವುದಿಲ್ಲ, ಏಕೆಂದರೆ ಕೆಲವು ಪೈಲೋರಿ ತಳಿಗಳು ಆ ಮಿಶ್ರಣಕ್ಕೂ ಸೊರಗುತ್ತವೆ. ಪ್ಲೇಟು ಹಳೆಯದಾಗಿರಬಾರದು, ಅಗರ್ ಮೇಲೆ ತೇವ ಇರಬೇಕು. 37 ಡಿಗ್ರಿ, ಆಮ್ಲಜನಕ ಶೇ 5, ಇಂಗಾಲದ ಡೈಆಕ್ಸೈಡ್ ಶೇ 10, ಉಳಿದದ್ದು ಸಾರಜನಕ. ಮುಚ್ಚಿದ ಜಾರಿನಲ್ಲಿ ಗ್ಯಾಸ್ ಪ್ಯಾಕ್ ಇಟ್ಟು ಈ ಗಾಳಿಯನ್ನು ಸಿದ್ಧಮಾಡುತ್ತಾರೆ. ಮೂರು ದಿನ ಜಾರು ತೆರೆಯುವಂತಿಲ್ಲ. ಕುತೂಹಲಕ್ಕೆ ಮರುದಿನವೇ ತೆರೆದು ನೋಡಿದರೆ ಗಾಳಿಯ ಹದ ತಪ್ಪುತ್ತದೆ. ಏನೂ ಕಾಣದಿದ್ದರೂ 10 ದಿನದವರೆಗೆ ಕಾಯಬೇಕು.

ಬೆಳೆದ ಕಾಲನಿ ನೋಡಲು ಸಣ್ಣ ನೀರಹನಿಯಂತೆ, ಒಂದು ಮಿಲಿಮೀಟರ್ ಅಗಲ, ಪಾರದರ್ಶಕ. ಬೆಳಕಿಗೆ ಓರೆ ಹಿಡಿಯದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಗ್ರಾಂ ಬಣ್ಣ ಹಾಕಿದರೆ ಬಾಗಿದ ಕೆಂಪು ಕಡ್ಡಿಗಳು. ಯೂರಿಯೇಸ್, ಕ್ಯಾಟಲೇಸ್, ಆಕ್ಸಿಡೇಸ್ ಮೂರೂ ಪಾಸಿಟಿವ್. ಇಲ್ಲಿಂದ ಮುಂದೆ ತಡ ಮಾಡುವಂತಿಲ್ಲ. ಕಾಲನಿ ಹಳೆಯದಾದಂತೆ ಕಡ್ಡಿಗಳು ದುಂಡಗಾಗಿ ಮತ್ತೆ ಬೆಳೆಯದ ಸ್ಥಿತಿಗೆ ಹೋಗುತ್ತವೆ, ಆಗ ಸೆನ್ಸಿಟಿವಿಟಿಗೆ (ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಗೆ) ಹಾಕಿದರೆ ತಪ್ಪು ಉತ್ತರ ಬರುತ್ತದೆ. ಎರಡು ಮೂರು ದಿನದ ತಾಜಾ ಬೆಳೆಯನ್ನೇ ಮ್ಯಾಕ್‌ಫರ್‌ಲ್ಯಾಂಡ್ ಎಂಬ ಮಾಪನದ 3ರಷ್ಟು ಮಂದವಾಗಿ ಕದಡಿ, ರಕ್ತ ಬೆರೆಸಿದ ಮುಲ್ಲರ್–ಹಿಂಟನ್ ಅಗರ್ ಮೇಲೆ ಸವರಿ, ಔಷಧದ ಪ್ರಮಾಣ ಏರುತ್ತಾ ಹೋಗುವ ಇ-ಟೆಸ್ಟ್ ಪಟ್ಟಿ ಇಡುತ್ತಾರೆ. ಮತ್ತೆ ಮೂರು ದಿನ. ಪಟ್ಟಿಯ ಸುತ್ತ ಬೆಳೆಯಿಲ್ಲದ ದೀರ್ಘವೃತ್ತ ಎಲ್ಲಿ ಪಟ್ಟಿಯನ್ನು ಕೂಡುತ್ತದೋ ಆ ಅಂಕಿಯೇ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ. ಬಯಾಪ್ಸಿಯಿಂದ ವರದಿಯವರೆಗೆ ಸುಮಾರು ಎರಡು ವಾರ. ನುರಿತ ಲ್ಯಾಬಿನಲ್ಲೂ ಎಲ್ಲ ಚೂರುಗಳಲ್ಲಿ ಬೆಳೆ ಬರುವುದಿಲ್ಲ, ಅಪರೂಪಕ್ಕೊಮ್ಮೆ ಮಾಡುವ ಲ್ಯಾಬಿನಲ್ಲಿ ಬರುವುದೇ ಅಪರೂಪ. ಕಲ್ಚರ್ ನೆಗೆಟಿವ್ ಎಂದು ಬಂದರೆ ಸೋಂಕಿಲ್ಲ ಎಂದು ಓದಬಾರದು.

ಎರಡು ವಾರ ಕಾಯುವುದು ಹೆಚ್ಚಾಯಿತೆಂದು ಅನೇಕರು ಹಿಂಜರಿಯುತ್ತಾರೆ. ಆದರೆ ಈ ಸೋಂಕು ಬಹುತೇಕ ಬಾಲ್ಯದಲ್ಲಿ ಬಂದು ದಶಕಗಟ್ಟಲೆ ಕುಳಿತದ್ದು. ರಕ್ತಸ್ರಾವ ಅಥವಾ ದೊಡ್ಡ ಹುಣ್ಣು ಇಲ್ಲದವರಿಗೆ ಎರಡು ವಾರದಲ್ಲಿ ಏನೂ ಆಗದು. ಆತುರಕ್ಕೆ ತಪ್ಪು ಔಷಧ ಕೊಟ್ಟರೆ ಮಾತ್ರ ಒಂದು ಆಯ್ಕೆ ಕಾಯಂ ಕೈತಪ್ಪುತ್ತದೆ.

ಕಲ್ಚರ್‌ನ ಈ ತಾಪತ್ರಯಗಳನ್ನೆಲ್ಲ ತಪ್ಪಿಸುವ ದಾರಿ ಪಿಸಿಆರ್ ಮತ್ತು ಸೀಕ್ವೆನ್ಸಿಂಗ್. ಬ್ಯಾಕ್ಟೀರಿಯಾ ಬದುಕಿರಬೇಕೆಂದಿಲ್ಲ, ಅದರ ಡಿಎನ್‌ಎ ಉಳಿದಿದ್ದರೆ ಸಾಕು. ಹಾಗಾಗಿ ಆರ್‌ಯುಟಿ ಗುಂಡಿಯಲ್ಲಿ ಬಣ್ಣ ಬದಲಾಯಿಸಿ ಕಸದ ಬುಟ್ಟಿಗೆ ಹೋಗುವ ಚೂರಿನಿಂದಲೂ, ಪ್ಯಾಥಾಲಜಿಯವರು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕಿನಿಂದಲೂ ಇದನ್ನು ಮಾಡಬಹುದು. ಮಲದ ಮಾದರಿಯಿಂದ ಮಾಡುವ ಪರೀಕ್ಷೆಗಳೂ ಬಂದಿವೆ, ಎಂಡೋಸ್ಕೋಪಿ ಬೇಡದವರಿಗೆ ಇದು ದೊಡ್ಡ ಅನುಕೂಲ. ಉತ್ತರ ದಿನಗಳಲ್ಲಿ ಬರುತ್ತದೆ. ಕ್ಲಾರಿತ್ರೊಮೈಸಿನ್‌ಗೆ ಇದು ಬಹಳ ವಿಶ್ವಾಸಾರ್ಹ, ಲಿವೊಫ್ಲಾಕ್ಸಾಸಿನ್‌ಗೆ ತಕ್ಕಮಟ್ಟಿಗೆ. ಮೆಟ್ರೊನಿಡಜೋಲ್‌ಗೆ ಜೀನು ನೋಡಿ ಹೇಳಿದ ಮಾತಿನ ಮೇಲೆ ಭಾರ ಹಾಕಬಾರದು. ಬಗ್ಗುವ ಮತ್ತು ಬಗ್ಗದ ತಳಿ ಎರಡೂ ಬೆರೆತಿದ್ದರೆ ಪಿಸಿಆರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ, ಇದು ಕಲ್ಚರ್‌ಗಿಂತ ಅದರ ಮೇಲುಗೈ. ಮಿಶ್ರ ಎಂದು ಬಂದರೆ ಅದನ್ನು ‘ಆರ್’ ಎಂದೇ ಎಣಿಸಬೇಕು. ಬಗ್ಗುವವು ಸತ್ತು ಬಗ್ಗದವು ಉಳಿಯುವುದಕ್ಕೆ ಒಂದು ಕೋರ್ಸ್ ಸಾಕು.

ಒಂದು ವರದಿಯನ್ನು ಮುಂದಿಟ್ಟುಕೊಂಡು ನೋಡೋಣ. ಕ್ಲಾರಿತ್ರೊಮೈಸಿನ್ ಎಂಐಸಿ 16, ಲಿವೊಫ್ಲಾಕ್ಸಾಸಿನ್ 8, ಮೆಟ್ರೊನಿಡಜೋಲ್ 32, ಅಮಾಕ್ಸಿಸಿಲಿನ್ 0.03, ಟೆಟ್ರಾಸೈಕ್ಲಿನ್ 0.25. ನಮ್ಮ ಕಡೆ ಎರಡು ಕಿಟ್ ಸೋತವರಲ್ಲಿ ಇಂಥದ್ದು ಬಂದರೆ ಅಚ್ಚರಿಪಡಬೇಕಿಲ್ಲ. ಮಾಪನ ಹೀಗಿದೆ: ಕ್ಲಾರಿತ್ರೊಮೈಸಿನ್ 0.25 ಅಥವಾ ಕಡಿಮೆ ಇದ್ದರೆ ಬಗ್ಗುತ್ತದೆ, ಲಿವೊಫ್ಲಾಕ್ಸಾಸಿನ್ 1ಕ್ಕಿಂತ ಹೆಚ್ಚಿದ್ದರೆ ಬಗ್ಗದು, ಮೆಟ್ರೊನಿಡಜೋಲ್ 8ಕ್ಕಿಂತ, ಟೆಟ್ರಾಸೈಕ್ಲಿನ್ 1ಕ್ಕಿಂತ, ಅಮಾಕ್ಸಿಸಿಲಿನ್ 0.125ಕ್ಕಿಂತ ಹೆಚ್ಚಿದ್ದರೆ ಬಗ್ಗದು. ಮೇಲಿನ ವರದಿಯಲ್ಲಿ ಮೂರು ‘ಆರ್’, ಎರಡು ‘ಎಸ್’. ರೋಗಿ ನೋಡಿದರೆ ಎದೆ ಒಡೆಯುತ್ತದೆ. ಆದರೂ ದಾರಿ ಮುಚ್ಚಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ನಾಲ್ಕು ಔಷಧಗಳ ಬಿಸ್ಮತ್ ಚಿಕಿತ್ಸೆ: ಆಮ್ಲ ತಗ್ಗಿಸುವ ಮಾತ್ರೆ ದಿನಕ್ಕೆ ಎರಡು ಸಲ, ಬಿಸ್ಮತ್ ಸಬ್‌ಸಿಟ್ರೇಟ್ 120 ಮಿ.ಗ್ರಾಂ ನಾಲ್ಕು ಸಲ, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ ನಾಲ್ಕು ಸಲ, ಮೆಟ್ರೊನಿಡಜೋಲ್ 400 ಮಿ.ಗ್ರಾಂ ನಾಲ್ಕು ಸಲ, 14 ದಿನ. ನಮ್ಮಲ್ಲಿ ಸಿಗುವ 400ರ ಮಾತ್ರೆಗೆ ದಿನದ ಲೆಕ್ಕ 1600 ಆಗುತ್ತದೆ. ಅದನ್ನು ‘ಹೀಟ್ ಆಗುತ್ತೆ’ ಎಂದು ಮೂರಕ್ಕೋ ಎರಡಕ್ಕೋ ಇಳಿಸಿದರೆ, ಪ್ರತಿರೋಧವನ್ನು ಮೀರಲು ಬೇಕಿದ್ದ ಪ್ರಮಾಣವೇ ಹೋಯಿತು. ಟೆಟ್ರಾಸೈಕ್ಲಿನ್ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಸಿಗದಾಗ ಡಾಕ್ಸಿಸೈಕ್ಲಿನ್ ಬರೆದುಬಿಡುವ ರೂಢಿ ಇದೆ. ಎರಡೂ ಒಂದೇ ಕುಟುಂಬದವಾದರೂ ಪೈಲೋರಿಯ ಮೇಲೆ ಡಾಕ್ಸಿಸೈಕ್ಲಿನ್ ಫಲ ಕಡಿಮೆ. ಎರಡು ಮೂರು ಅಂಗಡಿ ತಿರುಗಿಯಾದರೂ ಟೆಟ್ರಾಸೈಕ್ಲಿನ್ನನ್ನೇ ತರಿಸಿಕೊಳ್ಳುವುದು ಮೇಲು. ಹಾಲು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಅದರ ಜೊತೆ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಸಲ್ಲದು.

ಅಮಾಕ್ಸಿಸಿಲಿನ್ ‘ಎಸ್’ ಇರುವುದರಿಂದ ಇನ್ನೊಂದು ದಾರಿಯೂ ಇದೆ: ಬಲವಾದ ಆಮ್ಲ ನಿಯಂತ್ರಣದೊಡನೆ ಅಮಾಕ್ಸಿಸಿಲಿನ್ 1 ಗ್ರಾಂ ದಿನಕ್ಕೆ ಮೂರು ಸಲ, 14 ದಿನ. ಅಮಾಕ್ಸಿಸಿಲಿನ್ ಕೆಲಸ ನಡೆಯುವುದು ರಕ್ತದಲ್ಲಿ ಅದು ಎಷ್ಟು ಹೊತ್ತು ಉಳಿಯಿತು ಎಂಬುದರ ಮೇಲೆ. ಅದಕ್ಕಾಗಿ ಎರಡು ದೊಡ್ಡ ಡೋಸಿಗಿಂತ ಹಂಚಿ ಕೊಟ್ಟ ಮೂರು ನಾಲ್ಕು ಡೋಸ್ ಉತ್ತಮ. ಆಮ್ಲಕ್ಕೆ ಈಚೆಗೆ ಭಾರತದ ಮಾರುಕಟ್ಟೆಗೂ ಬಂದಿರುವ ವೋನೊಪ್ರಜಾನ್ 20 ಮಿ.ಗ್ರಾಂ ಎರಡು ಸಲ ಬಳಸಬಹುದು. ಹಳೆಯ ಮಾತ್ರೆಗಳಲ್ಲಿ ಒಮೆಪ್ರಜೋಲ್‌ನಂಥವನ್ನು ಕೆಲವರ ಯಕೃತ್ತಿನ ಒಂದು ಕಿಣ್ವ ಬೇಗ ಕರಗಿಸಿಬಿಡುತ್ತದೆ, ರಾಬೆಪ್ರಜೋಲ್ ಆ ಕಿಣ್ವವನ್ನು ಕಡಿಮೆ ಅವಲಂಬಿಸುತ್ತದೆ.

ರಿಫಾಬ್ಯುಟಿನ್ ಎಂಬ ಔಷಧಕ್ಕೆ ಪೈಲೋರಿ ಸಾಮಾನ್ಯವಾಗಿ ಬಗ್ಗುತ್ತದೆ, ಅಮೆರಿಕದಲ್ಲಿ ಇದರ ಬಳಕೆ ಹೆಚ್ಚುತ್ತಿದೆ. ನಮ್ಮಲ್ಲಿ ಇದು ಕೊನೆಯ ಸಾಲಿನಲ್ಲೇ ಇರಬೇಕು. ರಿಫಾಂಪಿಸಿನ್‌ನ ಒಡಹುಟ್ಟು ಅದು. ಗೊತ್ತಾಗದೆ ಕ್ಷಯ ಇರುವವರಿಗೆ ಹೊಟ್ಟೆಗೆಂದು ಹತ್ತು ದಿನ ಕೊಟ್ಟರೆ ಕ್ಷಯದ ಮುಖ್ಯ ಔಷಧಕ್ಕೇ ಕುತ್ತು. ಲಿವೊಫ್ಲಾಕ್ಸಾಸಿನ್‌ಗೂ ಈ ಎಚ್ಚರಿಕೆ ಸಲ್ಲುತ್ತದೆ. ಎದೆಯ ಎಕ್ಸ್‌-ರೇ, ಕೆಮ್ಮಿನ ವಿಚಾರಣೆ ಆದ ಮೇಲೆಯೇ ಇವೆರಡರ ಮಾತು.

ಇದಕ್ಕೆ ಉಲ್ಟಾ, ವರದಿಯಲ್ಲಿ ಕ್ಲಾರಿತ್ರೊಮೈಸಿನ್ ‘ಎಸ್’ ಬಂದರೆ ಅದನ್ನು ಧೈರ್ಯವಾಗಿ ಬಳಸಬಹುದು: ಆಮ್ಲದ ಮಾತ್ರೆ, ಅಮಾಕ್ಸಿಸಿಲಿನ್ 1 ಗ್ರಾಂ, ಕ್ಲಾರಿತ್ರೊಮೈಸಿನ್ 500 ಮಿ.ಗ್ರಾಂ, ಮೂರೂ ದಿನಕ್ಕೆ ಎರಡು ಸಲ, 14 ದಿನ. ಮಾತ್ರೆ ಕಡಿಮೆ, ಕಷ್ಟ ಕಡಿಮೆ. ಬಗ್ಗುವ ತಳಿಯಾದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಗುಣ. ಬಗ್ಗದ ತಳಿಗೆ ಇದೇ ಕಿಟ್ ಕೊಟ್ಟರೆ ಯಶಸ್ಸು ಸರ್ರನೆ ಇಳಿಯುತ್ತದೆ. ಪರೀಕ್ಷೆಯ ದೊಡ್ಡ ಲಾಭ ಈ ಒಂದು ಸಾಲಿನಲ್ಲಿದೆ. ಕ್ಲಾರಿತ್ರೊಮೈಸಿನ್ ಶುರು ಮಾಡುವ ಮುನ್ನ ಕೊಲೆಸ್ಟ್ರಾಲ್ ಮಾತ್ರೆ, ಗೌಟ್‌ಗೆ ಕೊಡುವ ಕಾಲ್ಚಿಸಿನ್, ರಕ್ತ ತೆಳುಮಾಡುವ ಮಾತ್ರೆ ಇವುಗಳನ್ನು ವೈದ್ಯರ ಗಮನಕ್ಕೆ ತರಲೇಬೇಕು. ಅವು ರಕ್ತದಲ್ಲಿ ಏರಿಬಿಡುತ್ತವೆ.

ಹಾಗಾದರೆ ಪರೀಕ್ಷೆ ಮಾಡಿಸಿದವರೆಲ್ಲ ಗೆದ್ದರೇ? ಇಲ್ಲಿ ಪ್ರಾಮಾಣಿಕವಾಗಿರಬೇಕು. ಕ್ಲಾರಿತ್ರೊಮೈಸಿನ್ ಕಿಟ್ಟನ್ನು ಕಣ್ಣುಮುಚ್ಚಿ ಕೊಡುವುದಕ್ಕೆ ಹೋಲಿಸಿದರೆ ಪರೀಕ್ಷೆ ನೋಡಿ ಕೊಡುವುದು ಸ್ಪಷ್ಟವಾಗಿ ಮೇಲು. ಆದರೆ ಬಿಸ್ಮತ್‌ನ ನಾಲ್ಕು ಔಷಧಗಳ ಚಿಕಿತ್ಸೆಯನ್ನು ಪೂರ್ತಿ ಪ್ರಮಾಣದಲ್ಲಿ 14 ದಿನ ಕೊಟ್ಟರೆ ಅಂತರ ಬಹಳ ಕುಗ್ಗುತ್ತದೆ. ತೈವಾನಿನಲ್ಲಿ ಎರಡು ಅಥವಾ ಹೆಚ್ಚು ಬಾರಿ ಚಿಕಿತ್ಸೆ ಸೋತವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀನ್ ಪರೀಕ್ಷೆ ನೋಡಿ ಕೊಟ್ಟ ಗುಂಪಿನಲ್ಲಿ ಶೇ 78, ಹಿಂದೆ ತಿಂದ ಔಷಧಗಳ ಇತಿಹಾಸ ನೋಡಿ ಕೊಟ್ಟ ಗುಂಪಿನಲ್ಲಿ ಶೇ 72 ಜನ ಗುಣವಾದರು. ಆ ಅಂತರ ನಿರ್ಣಾಯಕವೆನ್ನುವಷ್ಟು ದೊಡ್ಡದಲ್ಲ. ಪರೀಕ್ಷೆ ವ್ಯರ್ಥ ಎಂದು ಇದನ್ನು ಓದುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಆ ಎರಡನೇ ಗುಂಪಿನವರನ್ನು ಕೂರಿಸಿಕೊಂಡು ಹಿಂದೆ ಏನೇನು ತಿಂದಿದ್ದೀರಿ ಎಂದು ಕೇಳಿದ್ದರು. ಅದೂ ಒಂದು ಬಗೆಯ ಪ್ರತಿರೋಧ ಪರೀಕ್ಷೆಯೇ, ಅದಕ್ಕೆ ಲ್ಯಾಬು ಬೇಡ.

ಆದ್ದರಿಂದ ಕಲ್ಚರ್ ಎಟುಕದ ಊರಿನಲ್ಲಿ ವೈದ್ಯರು ಕೇಳಬೇಕಾದದ್ದು, ರೋಗಿ ನೆನಪಿಸಿಕೊಂಡು ಹೋಗಬೇಕಾದದ್ದು ಇದು: ಕೆಮ್ಮಿಗೆ ಅಜಿತ್ರೊಮೈಸಿನ್ ತಿಂದಿದ್ದೀರಾ, ಭೇದಿಗೆ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್, ಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್. ಹಳೆಯ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡವರಿಗೆ ಇಲ್ಲಿ ದೊಡ್ಡ ಉಪಕಾರವಾಗುತ್ತದೆ. ಒಮ್ಮೆ ಕ್ಲಾರಿತ್ರೊಮೈಸಿನ್ ಕಿಟ್ ಸೋತಿದ್ದರೆ ಅದನ್ನು ಮತ್ತೆ ಮುಟ್ಟಬಾರದು, ಲಿವೊಫ್ಲಾಕ್ಸಾಸಿನ್ ಸೋತಿದ್ದರೆ ಅದನ್ನೂ. ಅಮಾಕ್ಸಿಸಿಲಿನ್ ಮತ್ತು ಬಿಸ್ಮತ್ ಎಷ್ಟು ಸಲ ಬೇಕಾದರೂ ಬಳಸಬಹುದು. ಎರಡು ಸಲ ಸೋತ ಮೇಲೆ ಮೂರನೆಯದನ್ನು ಪರೀಕ್ಷೆಯಿಲ್ಲದೆ ಕೊಡುವುದಕ್ಕೆ ನನ್ನ ದೃಷ್ಟಿಯಲ್ಲಿ ಸಮರ್ಥನೆಯಿಲ್ಲ. ಜಿಲ್ಲಾ ಕೇಂದ್ರದಿಂದ ದೊಡ್ಡ ಊರಿಗೆ ಕಳುಹಿಸಬೇಕಾಗಿ ಬಂದರೂ ಸರಿ. ಎಂಡೋಸ್ಕೋಪಿ ಹೇಗೂ ಆಗುತ್ತಿದ್ದು ಪಿಸಿಆರ್ ಕೈಗೆಟುಕುವ ಕಡೆ ಮೊದಲ ಬಾರಿಗೇ ಮಾಡಿಸುವುದು ಇನ್ನೂ ಒಳ್ಳೆಯದು.

ಎಷ್ಟು ಚಂದದ ವರದಿ ಇದ್ದರೂ ಮಾತ್ರೆ ಹೊಟ್ಟೆಗೆ ಹೋಗಬೇಕಲ್ಲ. ನಾಲ್ಕು ಔಷಧಗಳ ಚಿಕಿತ್ಸೆ ಎಂದರೆ ದಿನಕ್ಕೆ 14 ಮಾತ್ರೆಗಳಷ್ಟಾಗುತ್ತದೆ. ಮಲ ಇದ್ದಿಲಿನಂತೆ ಕಪ್ಪಾಗುತ್ತದೆ, ನಾಲಿಗೆಯೂ ಕಪ್ಪಾಗಬಹುದು. ಅದು ಬಿಸ್ಮತ್‌ನಿಂದ, ರಕ್ತವಲ್ಲ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನ ಗಾಬರಿಯಾಗಿ ನಿಲ್ಲಿಸುತ್ತಾರೆ. ಬಾಯಿ ಕಬ್ಬಿಣ ನೆಕ್ಕಿದಂತಿರುತ್ತದೆ, ವಾಕರಿಕೆ ಬರುತ್ತದೆ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಪೂರ್ತಿ ವರ್ಜ್ಯ. ಐದಾರು ದಿನಕ್ಕೆ ಹೊಟ್ಟೆ ಹಗುರಾಯಿತೆಂದು ನಿಲ್ಲಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು. ಅಷ್ಟರಲ್ಲಿ ಬಗ್ಗುವವು ಸತ್ತು ಉಳಿದವು ಮಾತ್ರ ಮತ್ತೆ ಹೆಚ್ಚುತ್ತವೆ. ಹಾಳೆಯ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಹೊತ್ತು ಎಂದು ನಾಲ್ಕು ಗೀಟು ಎಳೆದು, ಯಾವುದು ಊಟಕ್ಕೆ ಮೊದಲು, ಯಾವುದು ನಂತರ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಕೋರ್ಸ್ ಮುಗಿಸುವವರು ಹೆಚ್ಚುತ್ತಾರೆ.

ಮುಗಿದ ಮೇಲೆ ಹೋಯಿತೇ ಎಂದು ನೋಡುವ ಪರೀಕ್ಷೆ ಬಾಕಿ ಇರುತ್ತದೆ, ಅದನ್ನೇ ಹೆಚ್ಚಿನವರು ಬಿಡುತ್ತಾರೆ. ಕೊನೆಯ ಆ್ಯಂಟಿಬಯಾಟಿಕ್ ಮಾತ್ರೆಯಿಂದ ಕನಿಷ್ಠ 4 ವಾರ, ಆಮ್ಲದ ಮಾತ್ರೆ ನಿಲ್ಲಿಸಿ 2 ವಾರ ಕಳೆದಿರಬೇಕು. ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜನ್ ಪರೀಕ್ಷೆ, ಎರಡರಲ್ಲಿ ಯಾವುದಾದರೂ ಆಗಬಹುದು. ಉಸಿರಿನ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಒಂದು ಚೀಲಕ್ಕೆ ಊದಿ, ಕಾರ್ಬನ್-13 ಯೂರಿಯಾ ಕುಡಿದು, ಅರ್ಧ ಗಂಟೆ ಬಿಟ್ಟು ಇನ್ನೊಂದಕ್ಕೆ ಊದಬೇಕು. ಕಾರ್ಬನ್-14 ಕ್ಯಾಪ್ಸೂಲಿನ ಪರೀಕ್ಷೆಯಲ್ಲಿ ಸ್ವಲ್ಪ ವಿಕಿರಣ ಇರುವುದರಿಂದ ಗರ್ಭಿಣಿಯರಿಗೆ ಬೇಡ. ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ನೋಡುವ ಪರೀಕ್ಷೆಗೆ ಇಲ್ಲಿ ಕೆಲಸವಿಲ್ಲ, ಬ್ಯಾಕ್ಟೀರಿಯಾ ಹೋಗಿ ತಿಂಗಳುಗಳಾದರೂ ಅದು ಪಾಸಿಟಿವ್ ಆಗಿಯೇ ಇರುತ್ತದೆ. ಅದನ್ನು ನೋಡಿ ಮತ್ತೊಂದು ಕೋರ್ಸ್ ನುಂಗಿದವರಿದ್ದಾರೆ.

ಒಂದು ಆಸ್ಪತ್ರೆ ತಾನು ಕೊಟ್ಟ ಚಿಕಿತ್ಸೆಗಳ ಈ ಕೊನೆಯ ಫಲಿತಾಂಶವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಆ ಸೀಮೆಯ ಪ್ರತಿರೋಧದ ಅಂದಾಜು ಸಿಗುತ್ತದೆ. ಹೂಸ್ಟನ್‌ನ ಡೇವಿಡ್ ಗ್ರಹಾಂ ಅವರಂಥ ತಜ್ಞರು ಬಹುಕಾಲದಿಂದ ಹೇಳುತ್ತಿರುವುದು ಇದನ್ನೇ: ನಿಮ್ಮ ಊರಿನಲ್ಲಿ ಹತ್ತರಲ್ಲಿ ಒಂಬತ್ತು ಜನರನ್ನಾದರೂ ಗುಣಪಡಿಸದ ಚಿಕಿತ್ಸೆಯನ್ನು ಬಳಸಬೇಡಿ. ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ ಸಾಕು: ಕೊಟ್ಟದ್ದೇನು, ಪೂರ್ತಿ ತಿಂದರೇ, ನಾಲ್ಕು ವಾರದ ಮೇಲೆ ನೆಗೆಟಿವ್ ಬಂತೇ. ಪೂರ್ತಿ ತಿಂದೂ ಪಾಸಿಟಿವ್ ಉಳಿದವರ ಸಂಖ್ಯೆ ಏರತೊಡಗಿದರೆ ಆ ಕಿಟ್ ಬರೆಯುವುದನ್ನು ನಿಲ್ಲಿಸಬೇಕು. ಗುಣವಾದೆನೆಂದು ತಿಳಿದ ವರ್ಷದೊಳಗೆ ಮತ್ತೆ ಪಾಸಿಟಿವ್ ಬಂದವರಲ್ಲಿ ಅನೇಕ ಸಲ ಅದು ಹೊಸ ಸೋಂಕಲ್ಲ, ಪೂರ್ತಿ ಸಾಯದ ಹಳೆಯ ತಳಿ. ಅಂಥವರಿಗೆ ಹಳೆಯ ಸೆನ್ಸಿಟಿವಿಟಿ ವರದಿ ನೋಡಿ ಮದ್ದು ಬರೆಯಬಾರದು, ನಡುವೆ ತಿಂದ ಕೋರ್ಸಿನಿಂದ ‘ಎಸ್’ ಇದ್ದದ್ದು ‘ಆರ್’ ಆಗಿರಬಹುದು. ಚೂರನ್ನು ಹೊಸದಾಗಿ ತೆಗೆದು ಕಳುಹಿಸಬೇಕು.